ಎಚ್‌ಪಿವಿ ಫಾರ್ಮ್‌ಗೆ ಸಹಿ ಹಾಕುವ ಮುಂಚೆ

ಇಂಗ್ಲೆಂಡಿಗೆ ಬಂದು ಇನ್ನೂ ಸಾಮಾನು ಬಿಚ್ಚಿಲ್ಲ, ಅಷ್ಟರಲ್ಲಿ ಮಗಳ ಸ್ಕೂಲಿನಿಂದ ಎಚ್‌ಪಿವಿ ಲಸಿಕೆಯ ಒಪ್ಪಿಗೆ ಫಾರ್ಮ್ ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸನ್ನು ತಡೆಯುವ ಲಸಿಕೆ ಇದು. ಮನೆಯವರು ಬೇಡ ಅನ್ನುತ್ತಿದ್ದಾರೆ. ‘ಈ ಲಸಿಕೆಯಿಂದ ಇಂಡಿಯಾದಲ್ಲೇ ಹುಡುಗಿಯರು ಸತ್ತಿದ್ದಾರೆ’ ಎನ್ನುವ ಮೆಸೇಜು ಬಂದಿದೆ. ಮುಂದೆ ಮಕ್ಕಳಾಗದಿದ್ದರೆ ಎಂಬ ಭಯ ಬೇರೆ. ನಾನು ಡಾಕ್ಟರಲ್ಲ. ಆದರೆ ಇಲ್ಲೇ ಮಕ್ಕಳನ್ನು ಬೆಳೆಸಿದವಳು, ಮಗಳಿಗೂ ಮಗನಿಗೂ ಇದನ್ನು ಹಾಕಿಸಿದವಳು. ನನ್ನನ್ನು ಕೇಳಿದರೆ, ಸಹಿ ಹಾಕಿ.

ಮೊದಲು ಆ ಮೆಸೇಜಿನ ವಿಷಯ. ಅದು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ ಅಮೆರಿಕದ ಒಂದು ಸಂಸ್ಥೆ ಭಾರತ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಜೊತೆ ಸೇರಿ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕಿಸಿತು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ 7 ಮಂದಿ ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ಸುದ್ದಿ ಇಲ್ಲಿಗೆ ಮುಗಿಯುತ್ತದೆ, ಮೆಸೇಜಿನಲ್ಲಿ. ಮುಂದಿನದನ್ನು ಯಾರೂ ಕಳಿಸುವುದಿಲ್ಲ. ತನಿಖೆ ನಡೆಯಿತು. ಒಬ್ಬಳಿಗೆ ಹಾವು ಕಚ್ಚಿತ್ತು, ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಕೀಟನಾಶಕ ಕುಡಿದ ಪ್ರಕರಣಗಳಿದ್ದವು, ಜ್ವರದ ಸಾವೂ ಇತ್ತು. ಲಸಿಕೆಗೂ ಆ ಸಾವುಗಳಿಗೂ ಸಂಬಂಧ ಕಾಣಲಿಲ್ಲ.

ಹಾಗಂತ ಅಲ್ಲಿ ತಪ್ಪೇ ಆಗಿಲ್ಲ ಎಂದಲ್ಲ. ದೊಡ್ಡ ತಪ್ಪೇ ಆಗಿತ್ತು. ಬುಡಕಟ್ಟಿನ ಎಷ್ಟೋ ಮಕ್ಕಳ ಫಾರ್ಮ್‌ಗೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿಯೇ ಟೀಕಿಸಿತು. ಅದನ್ನು ಓದಿದಾಗ ನನಗೂ ಸಿಟ್ಟು ಬಂದಿತ್ತು. ಆದರೆ ಅದು ಒಪ್ಪಿಗೆ ಪಡೆದ ರೀತಿಯ ತಪ್ಪು, ಲಸಿಕೆಯದ್ದಲ್ಲ. ನೀವೀಗ ಯಾವ ಫಾರ್ಮ್ ಹಿಡಿದು ಯೋಚನೆ ಮಾಡುತ್ತಿದ್ದೀರೋ, ಆ ತಾಯಂದಿರಿಗೆ ಅದು ಸಿಗಲೇ ಇಲ್ಲ.

ಇಲ್ಲೂ ಇಂಥದ್ದೇ ಒಂದು ನಡೆದಿದೆ, ಯಾರಾದರೂ ಹೇಳಿಯೇ ಹೇಳುತ್ತಾರೆ. 2009ರಲ್ಲಿ ಕವೆಂಟ್ರಿಯಲ್ಲಿ 14 ವರ್ಷದ ಹುಡುಗಿಯೊಬ್ಬಳು ಲಸಿಕೆ ಹಾಕಿಸಿಕೊಂಡು ಕೆಲವೇ ಗಂಟೆಗಳಲ್ಲಿ ತೀರಿಹೋದಳು. ಪತ್ರಿಕೆಗಳ ಮುಖಪುಟದಲ್ಲೆಲ್ಲ ಅದೇ. ಮರಣೋತ್ತರ ಪರೀಕ್ಷೆಯಲ್ಲಿ ಅವಳ ಎದೆಯೊಳಗೆ ಯಾರಿಗೂ ಗೊತ್ತಿರದ ದೊಡ್ಡ ಗೆಡ್ಡೆ ಸಿಕ್ಕಿತು. ಲಕ್ಷಾಂತರ ಮಕ್ಕಳಿಗೆ ಒಂದೇ ವಯಸ್ಸಿನಲ್ಲಿ ಲಸಿಕೆ ಹಾಕಿದಾಗ, ಯಾವುದೋ ಕಾಯಿಲೆ ಯಾರಿಗೋ ಅದೇ ವಾರ ಬಂದೇ ಬರುತ್ತದೆ. ಅದು ಲಸಿಕೆಯಿಂದ ಬಂತೋ ಅಥವಾ ಹೇಗೂ ಬರುವುದಿತ್ತೋ ಅಂತ ತಿಳಿಯಲು ಇರುವ ದಾರಿ ಒಂದೇ: ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡುವುದು.

ಹಾಗೆ ನೋಡಿದ ದೇಶ ಜಪಾನ್. ಅಲ್ಲಿ 2013ರಲ್ಲಿ ಕೆಲವು ಹುಡುಗಿಯರಿಗೆ ಮೈಕೈ ನೋವು, ನಡೆಯಲು ಕಷ್ಟ ಎಂಬ ದೂರುಗಳು ಬಂದವು, ಟಿವಿಯಲ್ಲಿ ವಿಡಿಯೋಗಳು ಬಂದವು. ಸರ್ಕಾರ ಲಸಿಕೆ ಹಾಕಿಸಿಕೊಳ್ಳಿ ಎಂದು ಹೇಳುವುದನ್ನೇ ನಿಲ್ಲಿಸಿತು. ಲಸಿಕೆ ಹಾಕಿಸಿಕೊಳ್ಳುವ ಹುಡುಗಿಯರ ಪ್ರಮಾಣ ಶೇ 70ರ ಆಸುಪಾಸು ಇದ್ದದ್ದು ಶೇ 1ಕ್ಕಿಂತ ಕೆಳಗೆ ಬಿತ್ತು. ಆಮೇಲೆ ನಗೋಯಾ ನಗರದಲ್ಲಿ ಸುಮಾರು 30,000 ಹುಡುಗಿಯರನ್ನು 24 ಬಗೆಯ ತೊಂದರೆಗಳ ಬಗ್ಗೆ ಕೇಳಿದರು. ಲಸಿಕೆ ಹಾಕಿಸಿಕೊಳ್ಳದ ಹುಡುಗಿಯರಲ್ಲೂ ಆ ತೊಂದರೆಗಳು ಇದ್ದವು. ಹಾಕಿಸಿಕೊಂಡವರಲ್ಲಿ ಜಾಸ್ತಿ ಏನೂ ಇರಲಿಲ್ಲ. 2022ರಲ್ಲಿ ಜಪಾನ್ ಮತ್ತೆ ಶುರು ಮಾಡಿತು. ಸುಮಾರು ಒಂಬತ್ತು ವರ್ಷ ಕಳೆದಿತ್ತು. ಆ ವರ್ಷಗಳಲ್ಲಿ ಲಸಿಕೆ ತಪ್ಪಿಸಿಕೊಂಡ ಹುಡುಗಿಯರು ಈಗ ದೊಡ್ಡವರಾಗಿದ್ದಾರೆ. ನನಗೆ ಈ ಕಥೆಯಲ್ಲಿ ಭಯ ಹುಟ್ಟಿಸುವುದು ಅದು.

ಲಸಿಕೆಯಲ್ಲಿ ಇರುವುದಾದರೂ ಏನು? ವೈರಸ್ ಅಲ್ಲ. ವೈರಸ್ಸಿನ ಹೊರಗಿನ ಪ್ರೋಟೀನ್ ಮಾತ್ರ, ಒಳಗೆ ಖಾಲಿ ಡಬ್ಬ. ಬೆಳೆಯುವ, ಹರಡುವ ಡಿಎನ್‌ಎ ಅದರೊಳಗೆ ಇಲ್ಲ. ಹಾಗಾಗಿ ಅದರಿಂದ ಸೋಂಕಾಗಲೀ ಕ್ಯಾನ್ಸರ್ ಆಗಲೀ ಬರಲು ಸಾಧ್ಯವೇ ಇಲ್ಲ. ಇನ್ನು, ಮಕ್ಕಳಿಗೆ ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯಲ್ಲಿ ಹಂದಿಯ ಜೆಲಟಿನ್ ಇರುತ್ತದೆ. ಇದರಲ್ಲೂ ಇದೆಯಾ ಅಂತ ತುಂಬಾ ಜನ ಕೇಳುತ್ತಾರೆ. ಇದರಲ್ಲಿ ಇಲ್ಲ.

ಹಾಗಾದರೆ ಏನಾಗಬಹುದು? ತೋಳು ನೋಯುತ್ತದೆ, ಕೆಂಪಾಗಿ ಊದಿಕೊಳ್ಳಬಹುದು. ತಲೆನೋವು, ಸ್ವಲ್ಪ ಜ್ವರ. ಹದಿಹರೆಯದ ಮಕ್ಕಳು ಸೂಜಿ ನೋಡಿ ತಲೆ ಸುತ್ತಿ ಬೀಳುವುದುಂಟು. ಅದಕ್ಕೇ ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಕೂರಿಸುತ್ತಾರೆ. ಬೆಳಿಗ್ಗೆ ತಿಂಡಿ ತಿನ್ನಿಸಿಯೇ ಕಳಿಸಿ. ನಿಜವಾಗಿ ಗಂಭೀರವಾದದ್ದು ಅನಾಫಿಲ್ಯಾಕ್ಸಿಸ್ ಎನ್ನುವ ಜೋರಾದ ಅಲರ್ಜಿ. ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿ 2017ರಲ್ಲಿ ಕೊಟ್ಟ ಲೆಕ್ಕದಲ್ಲಿ ಅದು 10 ಲಕ್ಷ ಡೋಸಿಗೆ ಸುಮಾರು 1.7. ಅದಕ್ಕೆ ಬೇಕಾದ ಔಷಧಿಯನ್ನು ನರ್ಸ್ ಜೊತೆಯಲ್ಲೇ ಇಟ್ಟುಕೊಂಡಿರುತ್ತಾರೆ. ಮಗಳಿಗೆ ಹಿಂದೆ ಯಾವುದಾದರೂ ಲಸಿಕೆಗೆ ಹೀಗೆ ಆಗಿದ್ದರೆ, ಅಥವಾ ಈಸ್ಟ್ ಅಲರ್ಜಿ ಇದ್ದರೆ, ಫಾರ್ಮ್‌ನಲ್ಲಿ ಬರೆಯಲೇಬೇಕು. ಆ ಖಾನೆಯನ್ನು ಸುಮ್ನೆ ‘ಇಲ್ಲ’ ಅಂತ ಟಿಕ್ ಮಾಡಿ ಮುಂದೆ ಹೋಗಬೇಡಿ.

ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ನಿಜ ಅಂದ್ರೆ ತಿರುಗಾಮುರುಗ. ಗರ್ಭಕಂಠದ ಕ್ಯಾನ್ಸರ್ ಬಂದರೆ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಕ್ಯಾನ್ಸರ್‌ಗೆ ಮುಂಚಿನ ಹಂತದಲ್ಲೇ ಸಿಕ್ಕಿದರೂ, ಅದನ್ನು ಕತ್ತರಿಸಿ ತೆಗೆದ ಮೇಲೆ ಮುಂದಿನ ಹೆರಿಗೆ ಬೇಗ ಆಗುವ ಅಪಾಯ ಸ್ವಲ್ಪ ಹೆಚ್ಚುತ್ತದೆ. ಲಸಿಕೆ ತಡೆಯುವುದು ಇದನ್ನೇ.

ಇಷ್ಟು ಚಿಕ್ಕ ವಯಸ್ಸಿಗೇ ಯಾಕೆ, ‘ನಮ್ಮ ಹುಡುಗಿ ಅಂಥವಳಲ್ಲ’ ಅಂತ ಅತ್ತೆ ಹೇಳಿದ್ದನ್ನೂ ಬರೆದಿದ್ದೀರಿ. ಲೈಂಗಿಕ ಸಂಪರ್ಕದಿಂದ ಹರಡುವ, ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುವ ವೈರಸ್ ಇದು. ಮದುವೆಯಾದ, ಒಬ್ಬನೇ ಸಂಗಾತಿ ಇರುವ ಹೆಂಗಸಿಗೂ ಬರಬಹುದು. ಸೋಂಕು ಬಂದ ಮೇಲೆ ಲಸಿಕೆ ಅದನ್ನು ವಾಸಿ ಮಾಡುವುದಿಲ್ಲ, ಆದ್ದರಿಂದ ತುಂಬಾ ಮುಂಚೆಯೇ ಹಾಕಬೇಕು. ಈ ವಯಸ್ಸಿನಲ್ಲಿ ಮೈ ಅದಕ್ಕೆ ಚೆನ್ನಾಗಿಯೂ ಸ್ಪಂದಿಸುತ್ತದೆ. ಗುಣದ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಗಂಡುಮಕ್ಕಳಿಗೂ ಗಂಟಲಿನ, ಗುದದ್ವಾರದ ಕ್ಯಾನ್ಸರ್ ಇದರಿಂದಲೇ ಬರಬಹುದು. ಅದಕ್ಕೇ 2019ರಿಂದ ಇಲ್ಲಿ ಹುಡುಗರಿಗೂ ಕೊಡುತ್ತಾರೆ.

ಫಲ ಏನು ಅಂತ ಕೇಳಿದರೆ, ಬ್ರಿಟನ್ನಿನಲ್ಲಿ ಇದು ಶುರುವಾದದ್ದು 2008ರಲ್ಲಿ. ಇಂಗ್ಲೆಂಡಿನ ಲೆಕ್ಕ 2021ರಲ್ಲಿ ಬಂತು: 12-13ನೇ ವಯಸ್ಸಿನಲ್ಲಿ ಲಸಿಕೆಯ ಅವಕಾಶ ಸಿಕ್ಕ ಹುಡುಗಿಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 87ರಷ್ಟು ಕಡಿಮೆ. ಸ್ಕಾಟ್‌ಲೆಂಡಿನಲ್ಲಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ವಯಸ್ಸಿಗೆ ಲಸಿಕೆ ಪಡೆದವರಲ್ಲಿ ಒಬ್ಬರಿಗೂ ಆ ಕ್ಯಾನ್ಸರ್ ಬಂದಿರಲಿಲ್ಲ.

ಇನ್ನು ಇಲ್ಲಿನ ಪದ್ಧತಿ. ಲಸಿಕೆ ಪುಕ್ಕಟೆ, ಸ್ಕೂಲಿನಲ್ಲೇ ಹಾಕುತ್ತಾರೆ. 2023ರ ಸೆಪ್ಟೆಂಬರಿನಿಂದ ಒಂದೇ ಡೋಸು, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಮಾತ್ರ 3. ಕಡ್ಡಾಯ ಏನಲ್ಲ. ಬೇಡ ಅಂದರೆ ಯಾರೂ ಸ್ಕೂಲಿನಿಂದ ಹೊರಗೆ ಹಾಕುವುದಿಲ್ಲ. ಇಂಡಿಯಾದಲ್ಲೇ ಹಾಕಿಸಿದ್ದರೆ ಅದರ ಚೀಟಿಯನ್ನು ಜಿಪಿಗೆ, ಅಂದರೆ ನೀವು ಹೆಸರು ನೋಂದಾಯಿಸಿರುವ ಡಾಕ್ಟರಿಗೆ, ತೋರಿಸಿ, ದಾಖಲೆಗೆ ಸೇರಿಸುತ್ತಾರೆ. ಈ ವರ್ಷ ಮನಸ್ಸು ಒಪ್ಪದಿದ್ದರೆ ಆಮೇಲೂ ಕೇಳಬಹುದು, ಹುಡುಗಿಯರಿಗೆ 25 ತುಂಬುವವರೆಗೂ ಪುಕ್ಕಟೆಯೇ.

ಹೊಸಬರಿಗೆ ಗೊತ್ತಿರದ ಒಂದು ವಿಷಯ ಇದೆ. ಇಲ್ಲಿ 16ರ ಒಳಗಿನ ಮಕ್ಕಳೂ, ವಿಷಯ ಪೂರ್ತಿ ಅರ್ಥವಾಗಿದೆ ಅಂತ ನರ್ಸ್‌ಗೆ ಅನಿಸಿದರೆ, ತಾವೇ ಒಪ್ಪಿಗೆ ಕೊಡಬಹುದು. ಹಾಗಾಗಿ ನಿಮ್ಮಿಬ್ಬರ ಚರ್ಚೆ ಬಾಗಿಲು ಹಾಕಿಕೊಂಡು ನಡೆಯುವುದು ಬೇಡ, ಮಗಳನ್ನೂ ಕೂರಿಸಿಕೊಳ್ಳಿ. ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ. 25ರ ವಯಸ್ಸಿನ ಹೊತ್ತಿಗೆ ಗರ್ಭಕಂಠದ ತಪಾಸಣೆಗೆ, ಅಂದರೆ ಸ್ಕ್ರೀನಿಂಗ್‌ಗೆ ಪತ್ರ ಬಂದಾಗ ಹೋಗಲೇಬೇಕು ಎನ್ನುವುದನ್ನೂ ಆಗಲೇ ಹೇಳಿಬಿಡಿ. ಅಂದಹಾಗೆ ನಿಮಗೂ ಆ ಪತ್ರ ಬರುತ್ತದೆ, ಜಿಪಿಯಲ್ಲಿ ಹೆಸರು ನೋಂದಾಯಿಸಿದ್ದೀರಿ ತಾನೇ?