ಪಕ್ಕದ ಮನೆ ಮುಂದಿನ ಹಿಮವನ್ನೂ ನಾವೇ ತೆಗೆದರೆ ಕೇಸಿನ ತೊಂದರೆ ಬರುತ್ತದೆಯೇ?

ತೆಗೆಯಿರಿ, ಧೈರ್ಯವಾಗಿ ತೆಗೆಯಿರಿ.

ಶಿಕಾಗೋದಲ್ಲಿ ಮೊದಲ ಸಲ ಸ್ವಂತ ಮನೆ ಮಾಡಿದ್ದೀರಿ, ಪಕ್ಕದ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಒಂಟಿಯಾಗಿದ್ದಾರೆ, ಅವರ ಮನೆ ಮುಂದಿನ ಫುಟ್‌ಪಾತನ್ನೂ ಸೇರಿಸಿ ಹಿಮ ತೆಗೆಯುವ ಮನಸ್ಸಿದೆ ಎಂದಿದ್ದೀರಿ. ಅಷ್ಟರಲ್ಲಿ ಗೆಳೆಯರೊಬ್ಬರು "ಮುಟ್ಟಿದರೆ ಹೊಣೆ ನಿನ್ನ ತಲೆಗೇ ಬರುತ್ತೆ. ಯಾರಾದರೂ ಜಾರಿ ಬಿದ್ದರೆ ನಿನ್ನ ಮೇಲೆ ಕೇಸು ಹಾಕ್ತಾರೆ. ಬಿದ್ದ ಹಿಮ ಬಿದ್ದ ಹಾಗೇ ಇದ್ದರೆ ಸೇಫ್" ಅಂತ ಹೆದರಿಸಿದ್ದಾರೆ. ಈ ಮಾತು ಪ್ರತಿ ಚಳಿಗಾಲದಲ್ಲೂ ನನ್ನ ಕಿವಿಗೆ ಬೀಳುತ್ತದೆ. ಒಳ್ಳೆಯ ಮನಸ್ಸಿನವರನ್ನು ಮನೆಯೊಳಗೇ ಕೂರಿಸುವ ಮಾತು ಇದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಇಲ್ಲಿ ಮನೆ ಮಾಡಿಕೊಂಡು ಶವಲ್ (ಹಿಮ ತೆಗೆಯುವ ಸಲಿಕೆ) ಹಿಡಿದವನು.

ಕಾನೂನಿನ ಮಾತು ಮೊದಲು. ಶಿಕಾಗೋದಲ್ಲಿ ರಸ್ತೆಯ ಹಿಮವನ್ನು ನಗರದವರು ತೆಗೆಯುತ್ತಾರೆ, ಮನೆ ಮುಂದಿನ ಫುಟ್‌ಪಾತಿನದು ಮಾತ್ರ ಆ ಜಾಗದ ಮಾಲೀಕರ ಹೊಣೆ. ಕನಿಷ್ಠ 5 ಅಡಿ ಅಗಲಕ್ಕೆ ದಾರಿ ಬಿಡಿಸಬೇಕು. ಸಂಜೆ 7ರ ನಂತರ ರಾತ್ರಿಯಿಡೀ ಬಿದ್ದದ್ದನ್ನು ಬೆಳಿಗ್ಗೆ 10ರೊಳಗೆ ತೆಗೆದಿರಬೇಕು. ಇಲ್ಲದಿದ್ದರೆ ದಿನಕ್ಕೆ 50ರಿಂದ 500 ಡಾಲರ್‌ವರೆಗೆ ದಂಡ ಬೀಳಬಹುದು. ಅಂದಮೇಲೆ ನಿಮ್ಮ ಸ್ವಂತ ಮನೆಯ ಮಟ್ಟಿಗೆ "ಬಿಟ್ಟರೆ ಸೇಫ್" ಅನ್ನುವುದು ಸುಳ್ಳು.

ಇನ್ನು ಕೇಸಿನ ಭಯ. ಜನ ಈ ಭಯದಿಂದ ಕೈಕಟ್ಟಿ ಕೂರಬಾರದು ಅಂತಲೇ ಶಿಕಾಗೋ ಇರುವ ಇಲಿನಾಯ್ ರಾಜ್ಯ 1979ರಲ್ಲಿ ಒಂದು ಕಾಯ್ದೆ ಮಾಡಿತು. ವಾಸದ ಮನೆಯ ಮಾಲೀಕರಾಗಲಿ, ಬಾಡಿಗೆಗೆ ಇರುವವರಾಗಲಿ, ಅವರ ಪರವಾಗಿ ಕೆಲಸ ಮಾಡುವವರಾಗಲಿ ಮನೆಗೆ ತಾಗಿದ ಫುಟ್‌ಪಾತಿನ ಹಿಮ ತೆಗೆದರೆ, ತೆಗೆಯಲು ಪ್ರಯತ್ನಪಟ್ಟರೂ ಸಾಕು, ಆಮೇಲೆ ಅಲ್ಲಿ ಹಿಮದಿಂದಲೋ ಐಸಿನಿಂದಲೋ ಯಾರಾದರೂ ಜಾರಿ ಬಿದ್ದುದಕ್ಕೆ ಅವರು ಹೊಣೆಯಲ್ಲ. ಬೇಕುಬೇಕೆಂದೇ ಅಥವಾ ತೀರಾ ಬೇಜವಾಬ್ದಾರಿಯಿಂದ ಅಪಾಯ ತಂದಿಟ್ಟಿದ್ದರೆ ಮಾತ್ರ ಬೇರೆ ವಿಷಯ. ಶಿಕಾಗೋ ನಗರದ ನಿಯಮಗಳಲ್ಲೂ ಇದೇ ಅರ್ಥದ ರಕ್ಷಣೆ ಇದೆ, ಅದು ಹಿಮ ತೆಗೆದವರು ಯಾರೇ ಆದರೂ ಅನ್ವಯಿಸುತ್ತದೆ. (1979 ಈ ಊರು ಮರೆಯದ ವರ್ಷ. ಆ ಜನವರಿಯಲ್ಲಿ ಸುರಿದ ಹಿಮವನ್ನು ನಗರಾಡಳಿತ ಸರಿಯಾಗಿ ತೆಗೆಸಲಿಲ್ಲವೆಂದು ಸಿಟ್ಟಾದ ಮತದಾರರು ಫೆಬ್ರವರಿಯಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಮೇಯರ್ ಮೈಕಲ್ ಬಿಲಾಂಡಿಕ್ ಅವರನ್ನು ಸೋಲಿಸಿ ಜೇನ್ ಬರ್ನ್ ಅವರನ್ನು ಗೆಲ್ಲಿಸಿದರು.)

ನೀವು ನಿಜವಾಗಿ ಗಮನ ಕೊಡಬೇಕಾದ ಜಾಗ ಬೇರೆ ಇದೆ: ಸೂರಿನಿಂದ ಇಳಿಯುವ ಮಳೆನೀರಿನ ಪೈಪು. ಅದರ ಬಾಯಿ ಫುಟ್‌ಪಾತಿನ ಕಡೆಗಿದ್ದರೆ ಹಗಲು ಕರಗಿದ ನೀರು ದಾರಿಗೆ ಅಡ್ಡ ಹರಿದು ಸಂಜೆಗೆ ಗಾಜಿನ ಹಾಳೆಯಾಗುತ್ತದೆ. ಹೀಗೆ ಮನೆಯ ದೋಷದಿಂದ ಕಟ್ಟಿದ ಐಸಿಗೆ 1979ರ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ ಎಂದು 2016ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಹೇಳಿದೆ. ಡಿಸೆಂಬರಿಗೆ ಮುಂಚೆ ಒಂದು ಸಲ ಮನೆ ಸುತ್ತು ಹಾಕಿ, ನಿಮ್ಮ ಪೈಪನ್ನೂ ಆ ಅಜ್ಜಿಯ ಮನೆ ಪೈಪನ್ನೂ ನೋಡಿಬಿಡಿ. ಎರಡು ಅಡಿ ಉದ್ದದ ತುಂಡು ಸೇರಿಸಿ ಹುಲ್ಲಿನ ಕಡೆಗೆ ತಿರುಗಿಸಿದರೆ ಮುಗಿಯಿತು.

ಕಾನೂನು ಇಷ್ಟೇ. ನನಗೆ ಮುಖ್ಯವೆನಿಸುವುದು ಮುಂದಿನದು.

ಫುಟ್‌ಪಾತ್ ನಮ್ಮ ಮನೆಯಷ್ಟು ಅಗಲಕ್ಕೆ ಸ್ವಚ್ಛವಾಗಿದ್ದರೆ ಯಾರಿಗೂ ಉಪಯೋಗವಿಲ್ಲ. ಸಾಲಿನಲ್ಲಿ ಹತ್ತು ಮನೆಯವರು ತೆಗೆದು ಒಬ್ಬರು ಬಿಟ್ಟರೆ ಗಾಲಿಕುರ್ಚಿಯವರ ಪಾಲಿಗೆ ಆ ಬೀದಿಯೇ ಮುಚ್ಚಿದ ಹಾಗೆ. ನಮ್ಮ ಬೀದಿಯಲ್ಲಿ ಒಬ್ಬರು ಮೋಟಾರು ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ಹಿಮ ತೆಗೆಯದ ಒಂದು ಖಾಲಿ ಮನೆಯ ಮುಂದೆ ಅವರು ನಿಂತು, ಹಿಂದಕ್ಕೆ ತಿರುಗಿ, ಹತ್ತಿರದ ಡ್ರೈವ್‌ವೇಯಿಂದ ಕಾರುಗಳು ಓಡುವ ರಸ್ತೆಗೆ ಇಳಿದದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಬಸ್ಸುಗಳೂ ಓಡಾಡುವ ರಸ್ತೆ ಅದು, ಎರಡೂ ಪಕ್ಕದಲ್ಲಿ ಹಿಮದ ದಿಬ್ಬ, ಮಧ್ಯೆ ಅವರು. ಶಿಕಾಗೋದಲ್ಲಿ ಒಂದು ಮಾಮೂಲಿ ಸೈಟಿನ ಅಗಲ 25 ಅಡಿ. ಹಗುರ ಹಿಮವಾದರೆ ಆ 25 ಅಡಿ ಹತ್ತು ನಿಮಿಷದ ಕೆಲಸ. ಹತ್ತು ನಿಮಿಷದ ಕೆಲಸ ಆಗದೆ ಒಬ್ಬ ಮನುಷ್ಯ ಬಸ್ಸಿನ ಮುಂದೆ ಹೋಗಬೇಕಾಗಿ ಬಂದದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ.

ನಮ್ಮವರು ಹೆಚ್ಚಾಗಿ ಗ್ಯಾರೇಜಿನಿಂದ ಕಾರಿನಲ್ಲಿ ಹೊರಟು ಆಫೀಸಿನ ಪಾರ್ಕಿಂಗಿನಲ್ಲಿ ಇಳಿಯುವವರು, ಫುಟ್‌ಪಾತಿನ ನೆನಪೇ ಬರುವುದಿಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ ನೆನಪಾಗುತ್ತದೆ. ಅವರು ಇಲ್ಲಿ ಕಾರು ಓಡಿಸುವುದಿಲ್ಲ, ದಿನಾ ಒಂದು ಸುತ್ತು ವಾಕಿಂಗ್ ಹೋಗದಿದ್ದರೆ ಅವರಿಗೆ ಸಮಾಧಾನವಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಪಕ್ಕದ ಅಜ್ಜಿಯೂ ಅದೇ ವಯಸ್ಸಿನವರು. ಪೋಸ್ಟ್ ತರುವವರು, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು ಬರುವ ತಾಯಿ, ಶಾಲೆಗೆ ನಡೆದು ಹೋಗುವ ಮಕ್ಕಳು, ಬೆಳಗಿನ ಜಾವದ ಪಾಳಿಗೆ ಬಸ್ ಹಿಡಿಯುವವರು, ಇವರಿಗೆಲ್ಲ ಇರುವುದು ಅದೊಂದೇ ದಾರಿ.

ಅದಕ್ಕೇ ಬೀದಿ ಮೂಲೆಯನ್ನು ಮರೆಯಬೇಡಿ. ರಸ್ತೆ ದಾಟಲು ಇಳಿಜಾರು ಮಾಡಿರುತ್ತಾರಲ್ಲ, ರಸ್ತೆಯ ಹಿಮ ತೆಗೆಯುವ ಪ್ಲೌ ಗಾಡಿ ಪಕ್ಕಕ್ಕೆ ತಳ್ಳಿದ ಹಿಮವೆಲ್ಲ ಬಂದು ಬೀಳುವುದು ಅಲ್ಲಿಗೇ. ಉಪ್ಪು, ಮಣ್ಣು ಬೆರೆತ ಬೂದುಬಣ್ಣದ ಭಾರದ ಹಿಮ ಒಂದು ರಾತ್ರಿ ಕಳೆದರೆ ಕಲ್ಲು. ಪ್ಲೌ ಹೋದ ಮೇಲೆ ಅದನ್ನು ಬಿಡಿಸದಿದ್ದರೆ ಉಳಿದವರ ಶ್ರಮವೆಲ್ಲ ವ್ಯರ್ಥ. ಮೂಲೆ ಮನೆಯವರಿಗೆ ಎರಡು ಬದಿಯ ಫುಟ್‌ಪಾತಿನ ಕೆಲಸ ಇರುತ್ತದೆ, ಪಾಪ. ಅಲ್ಲಿಗೆ ಹೋಗಿ ಕೈಜೋಡಿಸಿದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಈ ಊರಿನವರು ಕಾರು ನಿಲ್ಲಿಸುವ ಜಾಗವನ್ನು ಗಂಟೆಗಟ್ಟಲೆ ಅಗೆದು, ಅಲ್ಲಿ ಹಳೇ ಕುರ್ಚಿ ಇಟ್ಟು ಕಾಯ್ದುಕೊಳ್ಳುತ್ತಾರೆ. "ಡಿಬ್ಸ್" ಅನ್ನುತ್ತಾರೆ ಅದಕ್ಕೆ. ಅದರ ಕಾಲು ಭಾಗದ ಶ್ರಮ ಮೂಲೆಗೆ ಸಿಕ್ಕರೂ ಬೀದಿ ಬೇರೆಯಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಇದು ನಗರವೇ ಮಾಡಿಸಬೇಕಾದ ಕೆಲಸ. ಟೊರಾಂಟೊದಲ್ಲಿ ಬಹುಪಾಲು ಫುಟ್‌ಪಾತುಗಳ ಹಿಮವನ್ನು ನಗರದವರೇ ಯಂತ್ರ ಬಿಟ್ಟು ತೆಗೆಸುತ್ತಾರೆ. ಇಲ್ಲಿ ಆ ವ್ಯವಸ್ಥೆ ಬರುವವರೆಗೆ ನಮ್ಮ ಕೈಯೇ ಗತಿ.

ಈಗ ಕೆಲಸದ ಕ್ರಮ. ಜನ ತುಳಿಯುವ ಮೊದಲೇ ತೆಗೆಯಬೇಕು, ಇದೇ ಎಲ್ಲಕ್ಕಿಂತ ಮುಖ್ಯ. ಪುಡಿ ಹಿಮ ತಳ್ಳಿದರೆ ಹೋಗುತ್ತದೆ, ತುಳಿದು ಗಟ್ಟಿಯಾದದ್ದು ನೆಲ ಬಿಟ್ಟು ಏಳುವುದಿಲ್ಲ. ಜೋರಾಗಿ ಸುರಿಯುತ್ತಿದ್ದರೆ ಪೂರ್ತಿ ನಿಲ್ಲಲಿ ಎಂದು ಕಾಯಬೇಡಿ, ನಡುವೆ ಒಂದು ಸಲ, ನಿಂತ ಮೇಲೆ ಒಂದು ಸಲ ಮಾಡಿ. ಆದಷ್ಟೂ ಎತ್ತದೆ ತಳ್ಳಿ. ರಾಶಿಯನ್ನು ರಸ್ತೆಗಾಗಲಿ ಸೈಕಲ್ ಲೇನಿಗಾಗಲಿ ಬಸ್ ಸ್ಟಾಪಿಗಾಗಲಿ ತಳ್ಳುವಂತಿಲ್ಲ, ಬೆಂಕಿ ಆರಿಸಲು ನೀರು ಕೊಡುವ ಫೈರ್ ಹೈಡ್ರಂಟ್ ಮುಚ್ಚುವಂತಿಲ್ಲ. ಹುಲ್ಲಿನ ಮೇಲೆ ಹಾಕಿ, ಅದರಲ್ಲೂ ದಾರಿಗಿಂತ ತಗ್ಗಾದ ಬದಿಗೆ. ಎತ್ತರದ ಬದಿಗೆ ಹಾಕಿದರೆ ಬಿಸಿಲಿಗೆ ಕರಗಿ ದಾರಿಗೇ ಹರಿದು ರಾತ್ರಿ ಐಸಾಗುತ್ತದೆ. ಬಿಸಿನೀರು ಸುರಿಯುವ ಉಪಾಯ ಮಾತ್ರ ಬೇಡವೇ ಬೇಡ.

ಉಪ್ಪಿನ ಬಗ್ಗೆ ಎರಡು ಮಾತು. ಉಪ್ಪು ಹಿಮ ತೆಗೆಯುವುದಕ್ಕಲ್ಲ, ತೆಗೆದಾದ ಮೇಲೆ ಉಳಿದ ತೆಳು ಪದರಕ್ಕೆ. ಫುಟ್‌ಪಾತಿನ ಹತ್ತು ಕಾಂಕ್ರೀಟ್ ಚೌಕಗಳಿಗೆ ಒಂದು ಕಾಫಿ ಮಗ್ ತುಂಬ ಸಾಕು. ಹರಳುಗಳ ನಡುವೆ ಜಾಗ ಇರಬೇಕು. ಚಳಿ ಸೊನ್ನೆಗಿಂತ 9 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ಸಾಮಾನ್ಯ ಉಪ್ಪು ಹೆಚ್ಚುಕಡಿಮೆ ಕೆಲಸ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಬಳಸಿ, ಅಥವಾ ಬರೀ ಮರಳು ಚೆಲ್ಲಿ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಪಾಚಿ ಹಿಡಿದ ಅಂಗಳದಲ್ಲಿ ಅಡಿಕೆ ದಬ್ಬೆ ಹಾಸಿ ನಡೆಯುವ ಹಾಗೆ, ಕರಗಿಸಲಾಗದ ಜಾಗದಲ್ಲಿ ಕಾಲಿಗೆ ಹಿಡಿತ ಕೊಡುವುದು ಮರಳಿನ ಕೆಲಸ. ಚೆಲ್ಲಿದ ಉಪ್ಪೆಲ್ಲ ಕೊನೆಗೆ ಚರಂಡಿ ಸೇರುತ್ತದೆ. ಅದರ ಕ್ಲೋರೈಡನ್ನು ಕೊಳಚೆನೀರಿನ ಶುದ್ಧೀಕರಣ ಘಟಕಗಳು ತೆಗೆಯಲಾರವು, ಅದು ಹಾಗೇ ನದಿ ಸೇರುತ್ತದೆ. ಒಣಗಿದ ಮೇಲೆ ಉಳಿದ ಹರಳುಗಳನ್ನು ಗುಡಿಸಿ ಡಬ್ಬಿಗೆ ಹಾಕಿಟ್ಟರೆ ಮುಂದಿನ ಸಲಕ್ಕಾಯಿತು.

ಶವಲ್ ಹಿಡಿಯುವ ಮುಂಚೆ ನಿಮ್ಮ ಎದೆಯ ಬಗ್ಗೆಯೂ ಯೋಚಿಸಿ. ಕೊರೆಯುವ ಚಳಿಯಲ್ಲಿ ದಿಢೀರನೆ ಭಾರ ಎತ್ತುವುದು ಹೃದಯಕ್ಕೆ ದೊಡ್ಡ ಹೊಡೆತ, ದಕ್ಷಿಣ ಏಷ್ಯಾದವರಿಗೆ ಹೃದ್ರೋಗ ಬೇಗ ಬರುತ್ತದೆ ಬೇರೆ. ಬಿಪಿ, ಶುಗರ್ ಇದ್ದರೆ ಡಾಕ್ಟರನ್ನು ಕೇಳಿ, ಇಲ್ಲವೇ ದುಡ್ಡು ಕೊಟ್ಟು ಮಾಡಿಸಿ. ಊರಿಂದ ಬಂದ ಅಪ್ಪ "ಕೊಡೋ ಇಲ್ಲಿ, ನಾನು ಮಾಡ್ತೀನಿ" ಅಂದರೂ ದಯವಿಟ್ಟು ಕೊಡಬೇಡಿ.

ಅಜ್ಜಿಯ ಮನೆ ಮುಂದೆ ಕೆಲಸ ಶುರುಮಾಡುವ ಮೊದಲು ಬಾಗಿಲು ತಟ್ಟಿ ಕೇಳಿ. ಅವರು ಹೂಂ ಅಂದರೆ ನೀವು ಅವರ ಪರವಾಗಿ ಮಾಡಿದ ಹಾಗಾಗುತ್ತದೆ, ಕಾನೂನಿನ ದೃಷ್ಟಿಯಿಂದಲೂ ಅದು ಒಳ್ಳೆಯದು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ತಮ್ಮ ಮನೆ ತಾವೇ ನಡೆಸಿಕೊಂಡು ಬಂದವರಿಗೆ ಹೇಳದೆ ಕೇಳದೆ ಮಾಡಿದ ಸಹಾಯ ಮುಜುಗರ ತರಬಹುದು. "ನಮ್ಮದು ಹೇಗೂ ಮಾಡ್ತೀವಿ, ನಿಮ್ಮದನ್ನೂ ಸೇರಿಸಿಬಿಡ್ತೀವಿ" ಅಂದರೆ ಸಾಕು. ಮುಂಬಾಗಿಲಿನ ಮೆಟ್ಟಿಲೂ ಮಾಡಬೇಕೇ ಎಂದು ಕೇಳಿ, ಕೆಲವರಿಗೆ ಅಂಗಳದೊಳಗೆ ಬರುವುದು ಇಷ್ಟವಾಗುವುದಿಲ್ಲ. ನೀವು ಊರಲ್ಲಿಲ್ಲದ ವಾರ ಯಾರು ಮಾಡುತ್ತಾರೆಂಬುದನ್ನೂ ಅವರಿಗೆ ಮೊದಲೇ ಹೇಳಿಡಿ. ಬೀದಿಯಲ್ಲಿ ಯಾರೂ ಸಿಗದಿದ್ದರೆ ನಗರಾಡಳಿತದ ಸಹಾಯವಾಣಿ 311ಕ್ಕೆ ಫೋನ್ ಮಾಡಿ "ಸ್ನೋ ಕೋರ್" ಸ್ವಯಂಸೇವಕರನ್ನು ಕೇಳಬಹುದು. ವಯಸ್ಸಾದವರಿಗೆ, ಅಂಗವಿಕಲರಿಗೆ ಅಂತಲೇ ನಗರ ನಡೆಸುವ ಏರ್ಪಾಡು ಅದು. ಖಾಲಿ ಮನೆ, ಬಾಡಿಗೆ ಕಟ್ಟಡಗಳ ಮುಂದೆ ದಿನಗಟ್ಟಲೆ ಐಸ್ ಬಿದ್ದಿದ್ದರೆ ಅದೇ 311ಕ್ಕೆ ದೂರು ಕೊಡಲು ಸಂಕೋಚ ಬೇಡ. ಆದರೆ ಮನುಷ್ಯರು ವಾಸವಿರುವ ಮನೆಯಾದರೆ ಮೊದಲು ಹೋಗಿ ಮಾತಾಡಿ. ಹುಷಾರಿಲ್ಲದೆ ಮಲಗಿರಬಹುದು, ಕೂಸು ಹುಟ್ಟಿರಬಹುದು.