ನಿದ್ದೆ ಮಾತ್ರೆ ಬೇಡ, ಪರೀಕ್ಷೆ ಮಾಡಿಸಿ

ಪ್ರಶ್ನೆ: ನನ್ನ ಗಂಡನಿಗೆ 46 ವರ್ಷ. ತೊಗರಿ ಬೇಳೆ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿದರೆ ಗೊರಕೆಗೆ ಪಕ್ಕದ ಮನೆಯವರಿಗೂ ನಿದ್ದೆ ಇಲ್ಲ. ನಡುವೆ ಉಸಿರೇ ನಿಲ್ಲುತ್ತದೆ, ಆಮೇಲೆ ಗಕ್ಕನೆ ಏಳುತ್ತಾರೆ. ಹಗಲು ಬೈಕ್ ಮೇಲೂ ತೂಕಡಿಕೆ. ನಿದ್ದೆ ಮಾತ್ರೆ ಕೊಡಬಹುದಾ?
– ಓದುಗರು, ಕಲಬುರಗಿ

ಉತ್ತರ: ಬೇಡವೇ ಬೇಡ. ಕೆಲವು ನಿದ್ದೆ ಮಾತ್ರೆಗಳು, ಹಾಗೇ ಮದ್ಯ, ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತವೆ. ನೀವು ಬರೆದಿರುವುದು ಸ್ಲೀಪ್ ಆಪ್ನಿಯದ ಲಕ್ಷಣ. ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ. ರಾತ್ರಿಯಿಡೀ ಇದೇ ಆದರೆ ಎಂಟು ತಾಸು ಮಲಗಿದರೂ ಸುಸ್ತು ಹೋಗುವುದಿಲ್ಲ, ಅಲ್ವಾ? ನಮ್ಮ ಕಡೆ ಈ ಗೊರಕೆ ಕೇಳಿ ‘ಭಾರಿ ನಿದ್ದಿ ಹತ್ಯಾದ’ ಅಂತ ಖುಷಿ ಪಡುತ್ತಾರೆ. ನನಗೆ ಸಿಟ್ಟು ಬರುವುದೇ ಅಲ್ಲಿ.

ಇವತ್ತು ರಾತ್ರಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿ, ಶ್ವಾಸಕೋಶ ಅಥವಾ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ನಿದ್ದೆ ಪರೀಕ್ಷೆಯಲ್ಲಿ ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ, ಕಡಿಮೆಯಾಗುತ್ತದೆ ಅಂತ ಎಣಿಸುತ್ತಾರೆ. 5ರೊಳಗಿದ್ದರೆ ಚಿಂತೆಯಿಲ್ಲ, 30 ಮುಟ್ಟಿದರೆ ತೀವ್ರ. ಬಿಪಿಯನ್ನೂ ನೋಡಿಸಿ, ಸ್ಲೀಪ್ ಆಪ್ನಿಯ, ಏರಿದ ಬಿಪಿ ಎರಡೂ ಜೊತೆಗಿರುವುದು ಜಾಸ್ತಿ.

ಮುಖ್ಯ ಚಿಕಿತ್ಸೆ ಸಿಪ್ಯಾಪ್. ಮಾಸ್ಕ್ ಮೂಲಕ ಗಾಳಿ ಒತ್ತಿ ದಾರಿ ತೆರೆದಿಡುವ ಯಂತ್ರ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಇದನ್ನು ಜಗತ್ತಿಗೆ ತಿಳಿಸಿದರು. ಮೊದಮೊದಲು ಕಿರಿಕಿರಿ ಎನಿಸುತ್ತದೆ. ಸುಮ್ನೆ ಮೂಲೆಗೆ ಇಡಬೇಡಿ, ಮಾಸ್ಕ್ ಅಳತೆ ಬದಲಿಸಿ ನೋಡಿ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು ಕೂಡ ನೆರವಾಗುತ್ತವೆ. ಚಿಕಿತ್ಸೆ ಶುರುವಾಗಿ ತೂಕಡಿಕೆ ನಿಲ್ಲುವವರೆಗೆ ಬೈಕ್ ಕೀಲಿ ನಿಮ್ಮ ಹತ್ತಿರವೇ ಇರಲಿ.