ಬಯೋಡೇಟಾ ನೋಡುವ ಎಐ ಭೇದ ಮಾಡುತ್ತದೆಯೇ?

ಪ್ರಶ್ನೆ: ಮಗು ಹುಟ್ಟಿದ ಮೇಲೆ ನನ್ನ ಮಗಳು ಮೂರು ವರ್ಷ ಕೆಲಸ ಬಿಟ್ಟಿದ್ದಳು. ಈಗ ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ರಾತ್ರಿ ಹನ್ನೊಂದಕ್ಕೆ ಕಳಿಸಿದರೆ ಹನ್ನೊಂದೂವರೆಗೇ ‘ಆಯ್ಕೆಯಾಗಿಲ್ಲ’ ಅಂತ ಮೇಲ್ ಬರುತ್ತದೆ. ಬಯೋಡೇಟಾ ನೋಡುವುದು ಎಐ ಅಂತೆ. ಯಂತ್ರಕ್ಕೆಲ್ಲಿಯ ಹೆಣ್ಣು-ಗಂಡು ಭೇದ, ಇವಳಲ್ಲೇ ಏನೋ ಕೊರತೆ ಇರಬೇಕು ಅನ್ನುತ್ತಾರೆ ಅಳಿಯಂದಿರು. ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ಅಷ್ಟು ಹೊತ್ತಿನಲ್ಲಿ, ಅಷ್ಟು ಬೇಗ ಮೇಲ್ ಬಂದಿದೆ ಎಂದರೆ ಮನುಷ್ಯರು ಓದಿರುವ ಸಂಭವ ಕಡಿಮೆ. ಓದದೇ ಇದ್ದ ಮೇಲೆ ಅದು ನಿಮ್ಮ ಮಗಳ ಯೋಗ್ಯತೆಯ ಅಳತೆ ಆಗುವುದಾದರೂ ಹೇಗೆ?

ಯಂತ್ರ ಭೇದ ಮಾಡುವುದಿಲ್ಲ ಎಂಬುದೂ ಸರಿಯಲ್ಲ. ಅಮೆಜಾನ್ ಕಂಪನಿ 2014ರಲ್ಲಿ ಬಯೋಡೇಟಾಗಳಿಗೆ ಒಂದರಿಂದ ಐದರವರೆಗೆ ಸ್ಟಾರ್ ಕೊಡುವ ಎಐ ಕಟ್ಟಲು ಶುರು ಮಾಡಿತು. ಹಿಂದಿನ ಹತ್ತು ವರ್ಷಗಳಲ್ಲಿ ಬಂದಿದ್ದ ಅರ್ಜಿಗಳನ್ನೇ ಅದಕ್ಕೆ ಕಲಿಕೆಗೆ ಕೊಟ್ಟರು. ಅವುಗಳಲ್ಲಿ ಜಾಸ್ತಿ ಗಂಡಸರವೇ. ಹಾಗಾಗಿ ಗಂಡಸರೇ ಮೇಲು ಎಂದು ಅದು ಕಲಿತುಬಿಟ್ಟಿತು. ‘ಮಹಿಳಾ ಚೆಸ್ ಕ್ಲಬ್ ನಾಯಕಿ’ ಎಂಬಂಥ ಸಾಲು ಕಂಡರೆ ಅಂಕ ಇಳಿಸುತ್ತಿತ್ತು. ಎಂಜಿನಿಯರುಗಳು ಆ ಪದಗಳ ಮಟ್ಟಿಗೆ ಸರಿಪಡಿಸಿದರು. ಭೇದ ಇನ್ನೊಂದು ದಾರಿಯಲ್ಲಿ ನುಸುಳುವುದಿಲ್ಲ ಎಂಬ ಖಾತ್ರಿ ಮಾತ್ರ ಸಿಗಲಿಲ್ಲ. ಕೊನೆಗೆ ಯೋಜನೆಯನ್ನೇ ಕೈಬಿಟ್ಟರು. 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇದನ್ನು ವರದಿ ಮಾಡಿತು.

ನಿಮ್ಮ ಮಗಳ ವಿಷಯದಲ್ಲಿ ಅಷ್ಟು ಜಾಣ ಯಂತ್ರವೂ ಬೇಕಿಲ್ಲ. ಕೆಲಸದ ನಡುವೆ ಇಷ್ಟು ತಿಂಗಳು ಬಿಡುವಿದ್ದರೆ ತೆಗೆದುಹಾಕು ಎಂದು ಸಾಫ್ಟ್‌ವೇರ್‌ಗೆ ಹೇಳಿಟ್ಟಿರುವ ಕಂಪನಿಗಳಿವೆ. ಆ ನಿಯಮದಲ್ಲಿ ‘ಹೆಣ್ಣು’ ಎಂಬ ಪದವೇ ಇರುವುದಿಲ್ಲ. ಆದರೆ ಮಗುವಿಗಾಗಿ ಕೆಲಸ ಬಿಡುವವರು ಹೆಚ್ಚಾಗಿ ಯಾರು? ತಾಯಂದಿರೇ ಅಲ್ವಾ? ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ನಿಯಮ ಹಾಕಿದವರು ಮನುಷ್ಯರು, ಉತ್ತರ ಕೊಡಬೇಕಾದವರೂ ಅವರೇ.

ಯುರೋಪಿನ ಕಾನೂನಿನಲ್ಲಿ, ಇಂಥ ದೊಡ್ಡ ತೀರ್ಮಾನವನ್ನು ಯಂತ್ರವೊಂದಕ್ಕೇ ಬಿಡಬೇಡಿ ಎಂದು ಕೇಳುವ ಹಕ್ಕಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಆ ಹಕ್ಕಿಲ್ಲ. ಅದು ಬರಲೇಬೇಕು.

ಸದ್ಯಕ್ಕೆ ಹೀಗೆ ಮಾಡಲಿ. ಬಿಡುವನ್ನು ಮುಚ್ಚಿಡುವುದು ಬೇಡ. ಆ ಮೂರು ವರ್ಷಕ್ಕೂ ಒಂದು ಸಾಲು ಬರೆದು, ಆಗ ಕಲಿತದ್ದೇನಾದರೂ ಇದ್ದರೆ ಸೇರಿಸಲಿ. ಬಯೋಡೇಟಾ ಸರಳವಾಗಿರಲಿ. ಎರಡು ಕಾಲಂ, ಚಿತ್ರ ಎಲ್ಲ ಇದ್ದರೆ ಕೆಲವು ಸಾಫ್ಟ್‌ವೇರ್‌ಗಳು ತಪ್ಪಾಗಿ ಓದುತ್ತವೆ. ಬಿಡುವಿನ ನಂತರ ಮರಳುವ ಮಹಿಳೆಯರಿಗೆಂದೇ ಕೆಲವು ದೊಡ್ಡ ಕಂಪನಿಗಳು ಬೇರೆಯಾಗಿ ನೇಮಕಾತಿ ಮಾಡುತ್ತವೆ, ಅಲ್ಲಿ ಮೊದಲು ಪ್ರಯತ್ನಿಸಲಿ. ಹಳೆಯ ಸಹೋದ್ಯೋಗಿಗಳ ಮೂಲಕ ಹೋದರೆ ಬಯೋಡೇಟಾ ಮನುಷ್ಯರ ಕೈಗೆ ಸೇರುವ ಸಾಧ್ಯತೆ ಹೆಚ್ಚು. ‘ಆಯ್ಕೆಯಾಗಿಲ್ಲ’ ಎಂದು ಬಂದ ಕಡೆಗೆ, ‘ನನ್ನ ಅರ್ಜಿಯನ್ನು ಯಾರಾದರೂ ಓದಿದ್ದಾರೆಯೇ?’ ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಲಿ. ಕೇಳುವುದಕ್ಕೆ ಸಂಕೋಚ ಬೇಡ.